ಹಣೆಗೊತ್ತಿದ ಕೈ

ಪ್ರತಿದಿನ ಬೆಳಿಗ್ಗೆ ಆರೂವರೆಗೆ ಲಿಯೊನಿಲಾ ತನ್ನ ಅಪ್ಪನನ್ನು ಒಮ್ಮೆ ಕೊಲ್ಲುತ್ತಾಳೆ. ಆಮೇಲೆ ಕಾಫಿ ಬಗ್ಗಿಸಿ ಕೊಡುತ್ತಾಳೆ. ಕೊಲ್ಲುವುದಕ್ಕೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಅಪ್ಪ ಮಂಚದ ಅಂಚಿನಲ್ಲಿ ಕೂತು, ಲಕ್ವ ಹೊಡೆದ ಬಲಗೈಯನ್ನು ಎಡಗೈಯಿಂದ ಎತ್ತಿ ಮುಂದಕ್ಕೆ ಚಾಚುತ್ತಾನೆ. ಅವಳು ಬಾಗಿ, ‘ಮಾನೊ ಅಪ್ಪಾ’ ಎಂದು, ಹಿರಿಯರ ಆಶೀರ್ವಾದ ಬೇಡುವ ರೂಢಿಯಂತೆ, ಆ ಕೈಯ ಹಿಂಬದಿಯನ್ನು ಹಣೆಗೆ ಒತ್ತಿಕೊಳ್ಳುತ್ತಾಳೆ. ತಣ್ಣನೆಯ ಗೆಣ್ಣುಗಳು ಹಣೆಗೆ ತಗಲುವ ಆ ಅರ್ಧ ಕ್ಷಣದಲ್ಲಿ ಕೆಲಸ ಮುಗಿದಿರುತ್ತದೆ. ಒಂದು ದಿನ ತಲೆದಿಂಬು, ಒಂದು ದಿನ ಮೀನು ಕೊಯ್ಯುವ ಚೂರಿ, ಇನ್ನೊಂದು ದಿನ ಬಚ್ಚಲ ಮನೆಯ ಸಿಮೆಂಟು ನೆಲ ಮತ್ತು ಅವನ ಹಿಂದಲೆ. ಇವತ್ತು ಚೂರಿಯ ಸರದಿ. ಅಪ್ಪ ಸೊಟ್ಟ ಬಾಯಿಂದ ‘ದೇವ್ರು ಒಳ್ಳೇದ್ ಮಾಡ್ಲಿ’ ಎಂದ. ಅವಳು ಕರವಸ್ತ್ರದಿಂದ ಅವನ ಜೊಲ್ಲು ಒರೆಸಿದಳು.

‘ಇವತ್ತು ಕೋರ್ಟು ಅಂದಿದ್ದೆ ಅಲ್ವಾ?’ ಎಂದ ಅಪ್ಪ.

‘ಹೂಂ. ಹತ್ತು ಗಂಟೆಗೆ.’

‘ಆ ಮುದುಕಿ ಕೊಂದೋನ್ದಾ? ಅವನಿಗೇನು ಕೋರ್ಟು. ನಮ್ ಕಾಲ್ದಲ್ಲಾಗಿದ್ರೆ ಕೈ ಕಡಿದು ಕೆರೇಗೆ ಎಸೀತಿದ್ವಿ.’

ಕಡಿಯಬೇಕಾದ ಕೈ ಅವನ ಮಡಿಲಲ್ಲೇ ಬಿದ್ದಿತ್ತು, ಸತ್ತ ಮೀನಿನ ಹಾಗೆ. ಅವಳು ಬ್ರೆಡ್ಡನ್ನು ಕಾಫಿಯಲ್ಲಿ ಅದ್ದಿ ಅವನ ಬಾಯಿಗಿಟ್ಟಳು. ಆ ಕೈ ಜೀವಂತವಾಗಿದ್ದ ಕಾಲದಲ್ಲಿ ಜನ ತುಂಬುವ ಜೀಪ್ನಿ ಗಾಡಿ ಓಡಿಸುತ್ತಿತ್ತು, ಗಿಯರು ಹಾಕುತ್ತಿತ್ತು, ಸ್ಪ್ಯಾನರು ಹಿಡಿಯುತ್ತಿತ್ತು. ಅವಳಿಗೆ ಒಂಬತ್ತು ವರ್ಷವಾಗಿದ್ದಾಗ ಒಂದು ಭಾನುವಾರ ಆ ಸ್ಪ್ಯಾನರು ಅಮ್ಮನ ದವಡೆಗೆ ಬಿತ್ತು. ಮೂಳೆ ಮುರಿಯುವ ಸದ್ದು ಎಂದರೆ ಜನ ಏನೇನೋ ಕಲ್ಪಿಸಿಕೊಳ್ಳುತ್ತಾರೆ. ಒಣ ಸೌದೆ ಮುರಿದಷ್ಟೂ ಸದ್ದಾಗಲಿಲ್ಲ. ಅಮ್ಮ ಗೋಡೆಗೆ ಒರಗಿ ನಿಧಾನವಾಗಿ ಕೆಳಗೆ ಕೂತಳು, ಬಾಯಿಂದ ರಕ್ತದ ಜೊತೆ ಒಂದು ಹಲ್ಲು ಬಂದು ಪ್ರಸಾದದಂತೆ ಅಂಗೈಯಲ್ಲಿ ಕೂತಿತು. ಮರುದಿನ ಬೆಳಿಗ್ಗೆ ಅಪ್ಪ ಕಾಫಿಗೆ ಕೂತಾಗ, ತಲೆಗೂ ಗಲ್ಲಕ್ಕೂ ಬಟ್ಟೆ ಬಿಗಿದುಕೊಂಡಿದ್ದ ಅಮ್ಮ ಮಾತಾಡಲಾರದೆ ಅವಳ ಕತ್ತಿನ ಹಿಂದೆ ಕೈಯಿಟ್ಟು ಅಪ್ಪನತ್ತ ತಳ್ಳಿದಳು. ಹೋಗು, ಮಾನೊ ತಗೋ. ಅವಳು ಬಾಗಿದಳು. ಆಮೇಲೆ ಶಾಲೆಗೆ ಹೋಗುವ ಮುಂಚೆ ಕನ್ನಡಿಯಲ್ಲಿ ನೋಡಿಕೊಂಡರೆ ಹಣೆಯ ನಡುವೆ ತುಕ್ಕಿನ ಬಣ್ಣದ ಒಂದು ಗೆರೆ. ಅಪ್ಪ ಕೈ ತೊಳೆದಿರಲಿಲ್ಲ. ಗೆಣ್ಣಿನ ಸಂದಿಯಲ್ಲಿ ಉಳಿದಿದ್ದ ಅಮ್ಮನ ರಕ್ತ ಅವಳ ಹಣೆಗೆ ಬಂದಿತ್ತು. ಒಬ್ಬರದು ಇನ್ನೊಬ್ಬರ ಮೂಲಕ ಮೂರನೆಯವರಿಗೆ ದಾಟುತ್ತದೆ ಎನ್ನುವುದನ್ನು ಕಲಿಯಲು ಅವಳು ಮನಿಲಾದ ಕಾಲೇಜಿಗೆ ಹೋಗಬೇಕಾಗಿರಲಿಲ್ಲ.

ಟ್ರೈಸಿಕಲ್ ರಿಕ್ಷಾದಲ್ಲಿ ಕೂತು ಅವಳು ಪೊಲೀಸರಿಗಾಗಿ ಪ್ರಯೋಗಾಲಯದಲ್ಲಿ ತಾನೇ ಬರೆದ ವರದಿಯನ್ನು ಮತ್ತೆ ಓದಿದಳು. ಒಂದೇ ಹಾಳೆ. ಮೃತಳ ಬಲಗೈ ಹಿಂಬದಿಯಿಂದ ಒರೆಸಿ ತೆಗೆದ ಹತ್ತಿಯಲ್ಲಿ ಇಬ್ಬರ ಡಿಎನ್‌ಎ ಇದೆ: ಒಂದು ಮೃತಳದು, ಎಪ್ಪತ್ತೆಂಟು ವರ್ಷದ ಕೊನ್ಚಿಂಗ್ ಅಜ್ಜಿಯದು, ಇನ್ನೊಂದು ಒಬ್ಬ ಗಂಡಸಿನದು. ಡಿಎನ್‌ಎಯಲ್ಲಿ ಪರೀಕ್ಷಿಸಿದ ಹದಿನೈದು ಜಾಗಗಳಲ್ಲೂ ಅದು ಆರೋಪಿ ರುಫೊ ಮರಾಸಿಗನ್‌ನದಕ್ಕೆ ಹೊಂದುತ್ತದೆ. ಇನ್ನೊಬ್ಬ ಯಾವನಿಗೋ ಆಕಸ್ಮಿಕವಾಗಿ ಹೀಗೆ ಹೊಂದುವ ಸಂಭವ ಎಷ್ಟೋ ಕೋಟಿಗೆ ಒಂದು. ಕೆಳಗೆ ಅವಳ ರುಜು. ವರದಿಯಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಆದರೆ ಪ್ರಯೋಗಾಲಯದ ಕಪಾಟಿನಲ್ಲಿ ಇನ್ನೊಂದು ಹಾಳೆ ಇತ್ತು. ಮೇಜಿನ ಮೇಲೆ ಕೆಲಸ ಮಾಡುತ್ತ ಪೆನ್ಸಿಲಿನಲ್ಲಿ ಗೀಚುವ, ಕೋರ್ಟಿಗೆ ಎಂದೂ ಹೋಗದ ಹಾಳೆ. ಅದರಲ್ಲಿ ಅವಳದೇ ಕೈಬರಹದಲ್ಲಿ ಒಂದು ಸಾಲು: ‘ಹತ್ತಿಗೆ ಅಂಟಿದ ಕೂದಲು ಒಂದು. ಕಪ್ಪು, ಗಿಡ್ಡ, ಬಾಗಿದ್ದು, ತುದಿ ಚೂಪು. ಹುಬ್ಬಿನದು. ಬುಡ ಇಲ್ಲ. ಪರೀಕ್ಷೆಗೆ ಬಾರದು.’ ಬುಡವಿಲ್ಲದ ಕೂದಲಿನಿಂದ ಅವರ ಪ್ರಯೋಗಾಲಯದಲ್ಲಿ ಏನೂ ತೆಗೆಯಲಾಗುವುದಿಲ್ಲ. ಪರೀಕ್ಷೆಗೆ ಬಾರದ್ದನ್ನು ವರದಿಯಲ್ಲಿ ಬರೆಯುವ ರೂಢಿಯಿಲ್ಲ. ನಿಯಮಕ್ಕೆ ಅವಳು ತಲೆಬಾಗಿದ್ದಳು. ತಲೆಬಾಗುವುದು ಅವಳಿಗೆ ಚೆನ್ನಾಗಿ ಅಭ್ಯಾಸವಾಗಿತ್ತು.

ಕೊನ್ಚಿಂಗ್ ಅಜ್ಜಿಯ ಮುಖದಲ್ಲಿ ಹುಬ್ಬೇ ಇರಲಿಲ್ಲ. ಫೋಟೋಗಳಲ್ಲಿ ಅವಳು ನೋಡಿದ್ದಳು. ವಯಸ್ಸಿಗೆ ಉದುರಿಹೋಗಿ, ಚರ್ಚಿನ ಪೂಜೆಗೆ ಹೋಗುವಾಗ ಪೆನ್ಸಿಲಿನಲ್ಲಿ ಎಳೆದುಕೊಳ್ಳುತ್ತಿದ್ದ ಎರಡು ಕಂದು ಗೆರೆ, ಅಷ್ಟೆ. ಆ ಗೆರೆಗಳ ಮೇಲೆ, ಕೆಳಗೆ, ಅಡ್ಡಡ್ಡ ಮಚ್ಚಿನ ಏಟು ಬಿದ್ದಿತ್ತು. ಒಟ್ಟು ಹನ್ನೊಂದು ಏಟು. ತಲೆ ಮುಖಕ್ಕೆ ನಾಲ್ಕು, ಕುತ್ತಿಗೆಗೆ ಮೂರು, ಉಳಿದದ್ದು ಅಡ್ಡ ಹಿಡಿದ ಎಡ ಮೊಣಕೈಗೆ. ಎಡಗೈ ಚರ್ಮದಲ್ಲಿ ನೇತಾಡುತ್ತಿತ್ತು. ಬಲಗೈಗೆ ಮಾತ್ರ ಒಂದು ಗೀರೂ ಆಗಿರಲಿಲ್ಲ. ಮಲಗಿದವಳ ಪಕ್ಕದಲ್ಲಿ ಅಂಗೈ ಕೆಳಗಾಗಿ, ಯಾರೋ ಬಂದು ಹಣೆಗೊತ್ತಿಕೊಳ್ಳಲಿ ಎಂಬಂತೆ ಚಾಚಿಕೊಂಡಿತ್ತು. ಪೊಲೀಸರು ಹೇಳುವುದೇನೆಂದರೆ ರುಫೊ ಆ ಬಲಗೈಯನ್ನು ಅದುಮಿ ಹಿಡಿದು ಕಡಿದ.

ಕೋರ್ಟಿನ ಪಡಸಾಲೆಯಲ್ಲಿ ಬೆವರು ಮತ್ತು ಫಿನೈಲಿನ ವಾಸನೆ. ಬೆಂಚಿನ ಮೇಲೆ ಕಪ್ಪು ಉಡುಪಿನ ಒಬ್ಬ ಮುದುಕಿ ಬೀಸಣಿಗೆ ಬೀಸಿಕೊಳ್ಳುತ್ತ ಕೂತಿದ್ದಳು. ಲಿಯೊನಿಲಾ ಮುಂದೆ ಹಾದುಹೋಗುವಾಗ ಮುದುಕಿ ತಲೆಯೆತ್ತಿ ನಕ್ಕಳು, ಕೈ ತಾನಾಗಿ ಸ್ವಲ್ಪ ಮೇಲೆದ್ದಿತು. ಇವಳ ಬೆನ್ನೂ ತಾನಾಗಿ ಬಾಗಿತು. ಯಾರು, ಏನು, ಎತ್ತ ಎಂದು ಕೇಳುವ ಮೊದಲೇ ಆ ಕೈ ಹಣೆಗೆ ಬಂದಾಗಿತ್ತು.

‘ದೇವ್ರು ಒಳ್ಳೇದ್ ಮಾಡ್ಲಿ ಮಗಳೇ. ಯಾರ ಪೈಕಿ ನೀನು?’

‘ಪ್ರಯೋಗಾಲಯದಿಂದ ಬಂದಿದೀನಿ ಅಜ್ಜಿ. ಸಾಕ್ಷಿ ಹೇಳೋಕೆ.’

‘ಓ, ನೀನೇನಾ. ಬದುಕ್ಕೊ ತಾಯಿ. ನಾನು ಮಿಲಿಂಗ್. ಸತ್ತೋಳು ನಮ್ಮಕ್ಕ.’ ಮುದುಕಿ ಕೈಯನ್ನು ಬಿಡಲಿಲ್ಲ. ‘ಹನ್ನೊಂದು ಏಟು ಹೊಡ್ದಿದಾನೆ ಕಣಮ್ಮ. ಕೋಳೀನೂ ಹಂಗ್ ಕುಯ್ಯಲ್ಲ ಜನ. ನೀನು ಸರಿಯಾಗಿ ಹೇಳ್ಬಿಡು. ಅವನು ಒಳಗೇ ಕೊಳೀಬೇಕು.’

ಲಿಯೊನಿಲಾ ಕೈ ಬಿಡಿಸಿಕೊಂಡಳು. ಸಾಕ್ಷಿ ಹೇಳಲು ಬಂದವಳು ಒಂದು ಪಕ್ಷದವರ ಮುಂದೆ ಬಗ್ಗಿಬಿಟ್ಟಿದ್ದಳು. ತಿರುಗಿದರೆ, ನೀರಿನ ಕ್ಯಾನಿನ ಬಳಿ ಅಟಾರ್ನಿ ಓರೆನ್ಸೆ ನಿಂತಿದ್ದಳು, ಬಡ ಆರೋಪಿಗಳಿಗೆ ಸರ್ಕಾರ ಕೊಡುವ ವಕೀಲೆ. ಕುಳ್ಳಿ, ಸದಾ ನೆಗಡಿ, ಕಂಕುಳಲ್ಲಿ ಇಪ್ಪತ್ತು ಕಡತ. ನೋಡಿಯೂ ನೋಡದವಳಂತೆ ಮೂಗೊರೆಸಿಕೊಂಡು ಒಳಗೆ ಹೋದಳು. ಇಡೀ ದಿನಕ್ಕೆ ಇದೊಂದು ಅವಮಾನ ಸಾಕು ಎಂದುಕೊಂಡಳು ಲಿಯೊನಿಲಾ, ಇನ್ನೂ ಹತ್ತು ಗಂಟೆಯೂ ಆಗಿರಲಿಲ್ಲ.

ರುಫೊನನ್ನು ಅವಳು ನೋಡಿದ್ದು ಒಂದೇ ಸಲ, ಏಳು ತಿಂಗಳ ಹಿಂದೆ, ಠಾಣೆಯ ಹಿಂದಿನ ಕೋಣೆಯಲ್ಲಿ. ಕೆನ್ನೆಯ ಒಳಗಿಂದ ಹತ್ತಿ ಒರೆಸಿ ಮಾದರಿ ತರಲು ಅವಳನ್ನೇ ಕಳಿಸಿದ್ದರು. ಅವನನ್ನು ಕುರ್ಚಿಗೆ ಕಟ್ಟಿರಲಿಲ್ಲ, ಕಟ್ಟುವ ಅಗತ್ಯವಿರಲಿಲ್ಲ. ಒಂದು ಕಣ್ಣು ಮುಚ್ಚಿಹೋಗಿತ್ತು, ಪಾದಗಳು ಊದಿ ಚಪ್ಪಲಿಗೆ ಹಿಡಿಸುತ್ತಿರಲಿಲ್ಲ. ಬಾಯಿ ತೆಗೆ ಎಂದರೆ ತೆಗೆದ. ಮೊದಲನೆಯ ಹತ್ತಿ ಪೂರ್ತಿ ಕೆಂಪಾಗಿ ಬಂತು. ಪಕ್ಕದಲ್ಲಿದ್ದ ಪೊಲೀಸ್ ನಕ್ಕು ‘ನೀರಲ್ಲಿ ಬಾಯಿ ಮುಕ್ಕಳಿಸಿಸ್ಲಾ ಮೇಡಂ?’ ಎಂದ. ಬೇಸಿನ್ನಿಗೆ ಉಗುಳಿದ್ದರಲ್ಲಿ ಹಲ್ಲಿನ ಚೂರು ಟಕ್ಕೆಂದಿತು. ಅಂಗೈಯಲ್ಲಿ ಹಲ್ಲು ಹಿಡಿದು ಕೂತ ಅಮ್ಮ ನೆನಪಾದಳು. ಎರಡನೆಯ ಹತ್ತಿ ತಿಳಿಗೆಂಪು, ಮೂರನೆಯದು ಸರಿಯಾಗಿತ್ತು. ಅವಳು ಮುಚ್ಚಳ ಹಾಕಿ ಹೆಸರು ಬರೆಯುವಾಗ ಅವನು ಮೆಲ್ಲಗೆ ಹೇಳಿದ: ‘ನಾನು ಮಾನೊ ತಗೊಂಡೆ ಅಷ್ಟೆ ಮೇಡಂ. ಮಧ್ಯಾಹ್ನ. ಅಜ್ಜಿ ಕರ್ಸಿದ್ರು, ಹೋದೆ. ಕೈ ಚಾಚಿದ್ರು. ಹಣೆಗೊತ್ಕೊಂಡೆ. ಬಂದ್ಬಿಟ್ಟೆ.’ ಪೊಲೀಸ್ ಅವನ ಊದಿದ ಪಾದದ ಮೇಲೆ ಬೂಟು ಇಟ್ಟ. ತುಳಿಯಲಿಲ್ಲ, ಸುಮ್ಮನೆ ಇಟ್ಟ. ಲಿಯೊನಿಲಾ ಚೀಲದ ಜಿಪ್ಪು ಎಳೆದು ಹೊರಗೆ ಬಂದಳು. ದಾರಿಯಲ್ಲಿ ಅವಳಿಗೆ ಹಸಿವಾಯಿತು. ಒಂದು ಬಟ್ಟಲು ಲೋಮಿ ತರಿಸಿಕೊಂಡು ಬಿಸಿ ಶಾವಿಗೆ ತಿಂದಳು. ಆ ಹಸಿವಿಗೆ ಇವತ್ತಿಗೂ ಅವಳಿಗೆ ನಾಚಿಕೆ.

ಅವನ ಮಾತನ್ನು ಅವನ ಊರಾದ ಸಾನ್ ರೋಕೆಯಲ್ಲಿ ಯಾರೂ ನಂಬಲಿಲ್ಲ. ನಂಬುವ ಹಾಗೂ ಇರಲಿಲ್ಲ. ಮಾದಕ ಪುಡಿ ಸೇದುವವರ ಹೆಸರನ್ನು ಸರ್ಕಾರದವರು ಮನೆ ಮನೆಗೆ ಬಂದು ಬರೆದುಕೊಂಡು ಹೋಗುತ್ತಿದ್ದ ಕಾಲದಲ್ಲಿ ಕೊನ್ಚಿಂಗ್ ಅಜ್ಜಿ ರುಫೊನ ಅಣ್ಣನ ಹೆಸರು ಹೇಳಿದ್ದಳು. ಹುಡುಗನಿಗೆ ಬುದ್ಧಿ ಹೇಳಿ ಬಿಡಿಸುತ್ತಾರೆ ಎಂದು ತಿಳಿದಿದ್ದಳಂತೆ. ಹದಿನೇಳನೆಯ ದಿನ ಹೆಲ್ಮೆಟ್ ಹಾಕಿದ ಇಬ್ಬರು ಮೋಟರ್ ಸೈಕಲ್ಲಿನಲ್ಲಿ ಬಂದು ಬಾಗಿಲಲ್ಲೇ ಅವನ ತಲೆಗೆ ಮೂರು ಗುಂಡು ಹೊಡೆದರು. ಮಿದುಳು ಒಗೆದು ಹಾಕಿದ್ದ ಬಟ್ಟೆಗಳ ಮೇಲೆ ಬಿದ್ದಿತ್ತು. ರುಫೊ ಒಬ್ಬನೇ ಅವನ್ನೆಲ್ಲ ಮತ್ತೆ ಒಗೆದನಂತೆ. ಕೊನ್ಚಿಂಗ್ ಅಜ್ಜಿ ಅವನ ಧರ್ಮತಾಯಿ, ಜ್ಞಾನಸ್ನಾನದ ದಿನ ಎತ್ತಿಕೊಂಡವಳು. ಆ ಕ್ರಿಸ್‌ಮಸ್ಸಿಗೆ ಚರ್ಚಿನ ಮೆಟ್ಟಿಲ ಮೇಲೆ, ಇಡೀ ಊರಿನ ಎದುರಿಗೆ, ಅವಳು ಕೈ ಚಾಚಿದಳು. ರುಫೊ ನೋಡಿದ. ತೆಗೆದುಕೊಳ್ಳಲಿಲ್ಲ. ಮುದುಕಿಯ ಕೈ ಗಾಳಿಯಲ್ಲಿ ಎಷ್ಟು ಹೊತ್ತು ನಿಂತಿತೆಂದರೆ ಯಾರೋ ಬಂದು ಅದನ್ನು ಕೆಳಗಿಳಿಸಬೇಕಾಯಿತು. ಎರಡು ವರ್ಷ ಅವನು ಆ ಬೀದಿಯಲ್ಲಿ ನಡೆಯಲಿಲ್ಲ. ಅಂಥವನು ಒಂದು ಮಧ್ಯಾಹ್ನ ಹೋಗಿ ಬಗ್ಗಿ ಬಂದ, ಅದೇ ಸಂಜೆ ಬೇರೆ ಯಾರೋ ಬಂದು ಕಡಿದರು ಎಂದರೆ ಕೇಳುವವರಿಗೇನು ಬುದ್ಧಿಯಿಲ್ಲವೇ?

ಆದರೆ ಕೂದಲು ಸಿಕ್ಕ ದಿನ ಲಿಯೊನಿಲಾ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ ತುಂಬ ಹೊತ್ತು ಕೂತಿದ್ದಳು. ಅದುಮಿ ಹಿಡಿದವನ ಅಂಗೈಯಿಂದ ಹುಬ್ಬಿನ ಕೂದಲು ಬರುವುದಿಲ್ಲ. ಹುಬ್ಬು ಬಂದು ಆ ಕೈಗೆ ತಾಗಬೇಕು. ಹುಬ್ಬು ಅಲ್ಲಿಗೆ ಬರಬೇಕಾದರೆ ಮನುಷ್ಯ ಬಗ್ಗಬೇಕು. ಅವಳಿಗೆ ಇದು ಆ ಕ್ಷಣವೇ ಗೊತ್ತಾಯಿತು, ಹಣೆಗೇ ಗೊತ್ತಾಯಿತು. ಅದರ ಹಿಂದೆಯೇ ಇನ್ನೊಂದೂ ಗೊತ್ತಾಯಿತು. ಅಯ್ಯೋ ಪಾಪಿ, ಬಗ್ಗಿದಾಗಲೇ ನೀನು ನಿರ್ಧರಿಸಿದೆ ಅಲ್ಲವೇ. ಗೆಣ್ಣು ಹಣೆಗೆ ತಗಲಿದಾಗಲೇ ಮಚ್ಚು ಎಲ್ಲಿದೆ ಎಂದು ನೆನಪಾಯಿತು ಅಲ್ಲವೇ. ನನಗೆ ಗೊತ್ತು. ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಅವಳು ಕೂದಲನ್ನು ಕಾಗದದ ಪೊಟ್ಟಣಕ್ಕೆ ಹಾಕಿ, ಪೆನ್ಸಿಲಿನಲ್ಲಿ ಆ ಸಾಲು ಬರೆದು, ಕಪಾಟಿಗೆ ಬೀಗ ಹಾಕಿದಳು. ಆ ರಾತ್ರಿ ಅವಳಿಗೆ ಒಳ್ಳೆಯ ನಿದ್ದೆ ಬಂತು. ಯಾರೋ ಒಬ್ಬನಾದರೂ ನಿಜವಾಗಿ ಮಾಡಿದನಲ್ಲ ಎಂಬ ಸಮಾಧಾನ ಅದರಲ್ಲಿತ್ತು. ಇದನ್ನು ಹೇಳಿಕೊಳ್ಳುವುದು ಕಷ್ಟ, ಆದರೆ ಇತ್ತು.

ಕೋರ್ಟಿನ ಒಳಗೆ ಫ್ಯಾನು ತಿರುಗುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ಹಳದಿ ಅಂಗಿಯ ಕೈದಿಗಳ ಸಾಲಿನಲ್ಲಿ ರುಫೊ ಕೂತಿದ್ದ. ಹುಬ್ಬುಗಳು ದಪ್ಪ, ಕಪ್ಪು, ಮೂಗಿನ ಮೇಲೆ ಹೆಚ್ಚುಕಡಿಮೆ ಕೂಡಿದ್ದವು. ಬಲಗಡೆಯದರಲ್ಲಿ ಅರ್ಧ ಈಗ ಇರಲಿಲ್ಲ, ಅಲ್ಲಿ ಹೊಸ ಗಾಯದ ಹೊಳೆಯುವ ಚರ್ಮ. ಸರ್ಕಾರಿ ವಕೀಲ ಲಾಂಡಿಚೊ ಅವಳಿಂದ ಪ್ರಮಾಣ ಮಾಡಿಸಿ, ಕಲಿತದ್ದೆಷ್ಟು, ಕೆಲಸ ಮಾಡಿದ್ದೆಷ್ಟು ವರ್ಷ ಎಲ್ಲ ಹೇಳಿಸಿ, ಬೆಣ್ಣೆಯಲ್ಲಿ ಕೂದಲು ತೆಗೆದಂತೆ ವರದಿಯನ್ನು ಓದಿಸಿದ. ಹನ್ನೊಂದು ಫೋಟೋಗಳನ್ನು ಒಂದೊಂದಾಗಿ ನ್ಯಾಯಾಧೀಶೆಯ ಮೇಜಿನ ಮೇಲೆ ಇಟ್ಟ. ಇಟ್ಟ ಪ್ರತಿ ಸಲವೂ ಹಿಂದಿನ ಬೆಂಚಿನಿಂದ ಮಿಲಿಂಗ್ ಅಜ್ಜಿಯ ಬಿಕ್ಕು.

‘ಸತ್ತ ಹೆಂಗಸಿನ ಕೈ ಮೇಲೆ ಸಿಕ್ಕಿದ್ದು ಈ ಮನುಷ್ಯನ ಡಿಎನ್‌ಎ. ಹೌದೋ ಅಲ್ವೋ ಮೇಡಂ?’

‘ಹೌದು.’

‘ಸಾಕು. ನನ್ನದು ಮುಗೀತು.’

ಅಟಾರ್ನಿ ಓರೆನ್ಸೆ ಎದ್ದಳು. ಕಡತ ಹುಡುಕಿದಳು, ಸಿಗಲಿಲ್ಲ, ಮೂಗೊರೆಸಿಕೊಂಡಳು. ಯಾರೋ ಹಿಂದೆ ಕಿಸಕ್ಕೆಂದರು.

‘ಮೇಡಂ, ಇವತ್ತು ಬೆಳಿಗ್ಗೆ ಪಡಸಾಲೇಲಿ ಒಬ್ರು ಅಜ್ಜಿ ಹತ್ರ ಮಾನೊ ತಗೊಂಡ್ರಿ. ಹೌದಾ?’

ಲಾಂಡಿಚೊ ಎದ್ದು ಆಕ್ಷೇಪಿಸಿದ. ನ್ಯಾಯಾಧೀಶೆ, ಐವತ್ತರ ಸುಸ್ತಾದ ಹೆಂಗಸು, ಲಿಯೊನಿಲಾಳನ್ನೇ ನೋಡುತ್ತ ‘ಉತ್ತರ ಹೇಳ್ಲಿ’ ಎಂದಳು.

‘ತಗೊಂಡೆ.’

‘ಅವ್ರು ಯಾರು ಅಂತ ಗೊತ್ತಿತ್ತಾ?’

‘ಇಲ್ಲ. ಆಮೇಲೆ ಗೊತ್ತಾಯ್ತು. ಸತ್ತೋರ ತಂಗಿ.’

ಬೆಂಚುಗಳಲ್ಲಿ ಗುಜುಗುಜು. ಲಿಯೊನಿಲಾಳ ಕಿವಿ ಬಿಸಿಯಾಯಿತು. ಕೆಲಸ ಹೋಗುವುದಾದರೆ ಹೀಗೆ ಹೋಗುತ್ತದೆ, ಒಂದು ಬಗ್ಗಿದ ಬೆನ್ನಿಗೆ.

‘ಬೈಬೇಕು ಅಂತ ಕೇಳ್ತಿಲ್ಲ ಮೇಡಂ. ನಾನೂ ತಗೋತಿದ್ದೆ. ಈಗ ಆ ಅಜ್ಜಿ ಕೈಯನ್ನ ಒರೆಸಿ ನಿಮ್ಮ ಪ್ರಯೋಗಾಲಯಕ್ಕೆ ಕಳ್ಸಿದ್ರೆ, ಯಾರ ಡಿಎನ್‌ಎ ಸಿಗುತ್ತೆ?’

‘ಅವರದು. ಜೊತೆಗೆ ನನ್ನದೂ ಸಿಗಬಹುದು.’

‘ದೇವ್ರು ಹಂಗ್ ಮಾಡ್ದಿರ್ಲಿ. ಆದ್ರೆ ಇವತ್ತು ಸಂಜೆ ಆ ಅಜ್ಜೀನ ಯಾರಾದ್ರೂ ಕಡಿದು ಹಾಕಿದ್ರೆ, ನಾಳೆ ಆ ಕೈದಿಗಳ ಸಾಲಲ್ಲಿ ಯಾರಿರ್ತಾರೆ?’

‘ನಾನು’ ಎಂದಳು ಲಿಯೊನಿಲಾ.

ಲಾಂಡಿಚೊ ಮತ್ತೆ ಎದ್ದ, ಈ ಸಲ ನಗುತ್ತ. ‘ಒಳ್ಳೆ ನಾಟಕ ಅಟಾರ್ನಿ. ಆದ್ರೆ ಮೇಡಮ್ಮಿಗೂ ಮಿಲಿಂಗ್ ಅಜ್ಜಿಗೂ ಜಗಳ ಇಲ್ಲ. ಇವನು ಎರಡು ವರ್ಷ ಆ ಕೈ ಮುಟ್ಟಿಲ್ಲ, ಅದಕ್ಕೆ ಇಡೀ ಊರು ಸಾಕ್ಷಿ. ಇವನು ಬಗ್ಗಿದ ಅನ್ನೋದಕ್ಕೆ ಏನು ಸಾಕ್ಷಿ ಇದೆ? ಯಾರು ನೋಡಿದಾರೆ?’

ಅಟಾರ್ನಿ ಓರೆನ್ಸೆ ಕರವಸ್ತ್ರವನ್ನು ಮಡಿಸಿ, ಬಿಡಿಸಿ, ಕೊನೆಗೆ ಸೋತ ಸ್ವರದಲ್ಲಿ ಕೇಳಿದಳು: ‘ಮೇಡಂ, ಆ ಹತ್ತೀಲಿ ಬೇರೆ ಏನಾದ್ರೂ ಇತ್ತಾ?’

ಅದು ಪ್ರತಿ ಕೇಸಿನಲ್ಲೂ ಕೇಳುವ ಪ್ರಶ್ನೆ. ‘ಇಲ್ಲ’ ಎಂಬುದು ಪ್ರತಿ ಕೇಸಿನ ಉತ್ತರ. ಇಲ್ಲ ಎಂದರೆ ಮುಗಿಯಿತು, ರುಫೊಗೆ ನಲವತ್ತು ವರ್ಷ ಜೈಲು, ಇವಳಿಗೆ ಮಧ್ಯಾಹ್ನದ ಊಟ. ಲಿಯೊನಿಲಾ ಅವನನ್ನು ನೋಡಿದಳು. ಅವನು ಇವಳನ್ನು ನೋಡುತ್ತಿರಲಿಲ್ಲ, ಬೇಡಿ ಹಾಕಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಹಣೆಯ ಬೆವರನ್ನು ಭುಜಕ್ಕೆ ಒರೆಸಿಕೊಳ್ಳುತ್ತಿದ್ದ. ಬೆವರು ಅರ್ಧ ಹುಬ್ಬಿನ ಮೇಲಿಂದ ತಡೆಯಿಲ್ಲದೆ ಕಣ್ಣಿಗಿಳಿಯುತ್ತಿತ್ತು. ಅವನು ಬಗ್ಗಿದಾಗ ಏನಾಯಿತು? ಅವಳಿಗೆ ಮೊದಲ ಬಾರಿಗೆ ಅನುಮಾನ ಬಂತು. ಮೂವತ್ತು ವರ್ಷ ಒಂದು ಕೈಗೆ ದಿನಾ ಹಣೆಯೊತ್ತಿ ಅವಳಿಗೆ ಸಿಗದಿದ್ದ ನೆಮ್ಮದಿ ಇವನಿಗೆ ಒಂದೇ ಸಲಕ್ಕೆ ಸಿಕ್ಕಿತೇ? ಆ ಮುದುಕಿ ಅತ್ತಳೇ? ಇವನೂ ಅತ್ತನೇ? ಸಿಕ್ಕಿರಬಹುದು ಎಂಬ ಯೋಚನೆಗೇ ಅವಳಿಗೆ ಅವನ ಮೇಲೆ ಎಂಥ ಸಿಟ್ಟು ಬಂತೆಂದರೆ, ಕಟಕಟೆಯ ಕಟ್ಟಿಗೆಯನ್ನು ಉಗುರಿನಿಂದ ಕೆರೆದಳು. ಇಷ್ಟು ದಿನ ಅವನನ್ನು ಒಳಗೆ ಹಾಕಿದ್ದು ನಿಯಮವಲ್ಲ, ಈ ಹೊಟ್ಟೆಕಿಚ್ಚು.

‘ಇತ್ತು’ ಎಂದಳು. ‘ಒಂದು ಕೂದಲು. ಹುಬ್ಬಿಂದು. ಕಪ್ಪು. ಅಜ್ಜೀದಲ್ಲ, ಅಜ್ಜಿಗೆ ಹುಬ್ಬೇ ಇರ್ಲಿಲ್ಲ.’

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದೆಯುತ್ತಾರಂತೆ. ಲಾಂಡಿಚೊ ಎದ್ದೇ ಬಂದ. ಕಟಕಟೆಯ ಹತ್ತಿರ, ಬಾಯಿಯ ಬೆಳ್ಳುಳ್ಳಿ ವಾಸನೆ ಬರುವಷ್ಟು ಹತ್ತಿರ.

‘ವರದೀಲಿ ಇಲ್ವಲ್ಲ.’

‘ಬುಡ ಇರ್ಲಿಲ್ಲ. ನಮ್ಮಲ್ಲಿ ಪರೀಕ್ಷೆ ಆಗಲ್ಲ. ಬರಿಯೋ ರೂಢಿ ಇಲ್ಲ.’

‘ಏಳು ತಿಂಗಳು ಬಾಯಿ ಮುಚ್ಕೊಂಡಿದ್ರಿ. ರೂಢಿ ಒಂದೇನಾ ಕಾರಣ? ಪ್ರಮಾಣ ಮಾಡಿದೀರಿ ಮೇಡಂ, ನೆನಪಿರ್ಲಿ.’

‘ಅದೊಂದೇ ಅಲ್ಲ.’ ಅವಳ ಸ್ವರ ಅವಳಿಗೇ ಬೇರೆ ಯಾರದೋ ಎನಿಸಿತು. ‘ಇವನೇ ಕೊಂದಿದಾನೆ ಅಂತ ಅನ್ಕೊಂಡಿದ್ದೆ. ಮಾನೊ ತಗೊಂಡು ಕೊಂದಿದಾನೆ ಅಂತ.’

‘ಹಂಗ್ಯಾಕೆ ಅನ್ಕೊಂಡ್ರಿ?’

‘ನಾನು ದಿನಾ ನಮ್ಮಪ್ಪನ ಕೈ ಹಣೆಗೊತ್ಕೋತೀನಿ. ದಿನಾ ಮನಸ್ಸಲ್ಲಿ ಅವರನ್ನ ಕೊಲ್ತೀನಿ. ಅದಕ್ಕೆ.’

ಟೈಪು ಮಾಡುತ್ತಿದ್ದ ಹೆಂಗಸು ಬೆರಳೆತ್ತಿ ಹಾಗೇ ಕೂತಳು. ನ್ಯಾಯಾಧೀಶೆ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು, ‘ಆ ಮಾತು ಬರ್ಕೋಬೇಡಿ’ ಎಂದಳು. ಲಾಂಡಿಚೊ ಮಾತ್ರ ಸಾವರಿಸಿಕೊಂಡ. ಅವನ ಕಸುಬೇ ಅದು.

‘ಅಂದ್ಮೇಲೆ ಬಗ್ಗಿದೋನು ಕೊಲ್ಲಬಹುದು. ನೀವೇ ಹೇಳ್ತಿದೀರಿ. ಈ ಕೂದ್ಲು ಏನನ್ನೂ ಸಾಬೀತು ಮಾಡಲ್ಲ, ಅಲ್ವಾ?’

‘ಕೊಂದಿಲ್ಲ ಅಂತ ಸಾಬೀತು ಮಾಡಲ್ಲ. ಆದ್ರೆ ನನ್ನ ವರದಿ ಕೊಂದಿದಾನೆ ಅಂತಲೂ ಸಾಬೀತು ಮಾಡಲ್ಲ. ಕೈ ಹಿಡಿದು ಕಡಿದ ಅಂತೀರಲ್ಲ, ಅದನ್ನ ಅದು ಹೇಳಲ್ಲ. ಅವನು ಬಗ್ಗಿದ್ದ. ಅಷ್ಟೇ ಹೇಳುತ್ತೆ.’

ರುಫೊ ತಲೆಯೆತ್ತಿದ. ಅವನ ಮುಖದಲ್ಲಿ ಸಂತೋಷವಿರಲಿಲ್ಲ. ಏಳು ತಿಂಗಳಿಂದ ಒದೆ ತಿನ್ನುತ್ತ ಹೇಳಿದ ಒಂದೇ ವಾಕ್ಯವನ್ನು ಬೇರೆಯವರ ಬಾಯಲ್ಲಿ ಕೇಳಿ ಅವನು ಅಳುವುದನ್ನೂ ಮರೆತು ಸುಮ್ಮನೆ ಬಾಯಿ ತೆರೆದುಕೊಂಡಿದ್ದ, ಮುಂದಿನ ಹಲ್ಲುಗಳಿರಲಿಲ್ಲ.

ನ್ಯಾಯಾಧೀಶೆ ಕೂದಲನ್ನು ಮನಿಲಾಕ್ಕೆ ಕಳಿಸಿ, ಬುಡವಿಲ್ಲದಿದ್ದರೂ ಪರೀಕ್ಷಿಸಬಲ್ಲ ಕಡೆ ಪರೀಕ್ಷಿಸಬೇಕೆಂದು ಆಜ್ಞೆ ಬರೆಸಿದಳು. ಲಿಯೊನಿಲಾಳ ನಡತೆಯನ್ನು ಅವಳ ಮೇಲಧಿಕಾರಿ ವಿಚಾರಿಸಲಿ ಎಂದು ಇನ್ನೊಂದು. ಎರಡೂ ಆಜ್ಞೆಗಳನ್ನು ಒಂದೇ ಸ್ವರದಲ್ಲಿ ಓದಿದಳು. ಪಡಸಾಲೆಯಲ್ಲಿ ಕೈದಿಗಳ ಸಾಲು ಎದುರಿಗೆ ಬಂತು. ರುಫೊ ಕಾವಲುಗಾರನನ್ನು ಎಳೆದುಕೊಂಡೇ ನಿಂತ.

‘ಮೇಡಂ, ಆ ಕೂದ್ಲು ಇನ್ನೂ ಇದೆಯಾ? ಬಿಸಾಕಿಲ್ವಾ?’

‘ಇದೆ.’

‘ನೀವು ನಂಬ್ತೀರಾ ನನ್ನ?’

‘ನಂಗೊತ್ತಿಲ್ಲ’ ಎಂದಳು. ಅದಕ್ಕಿಂತ ಹೆಚ್ಚು ಹೇಳಿದರೆ ಸುಳ್ಳಾಗುತ್ತಿತ್ತು.

ಅವನು ತಲೆಯಾಡಿಸಿದ, ಅಷ್ಟು ಸಾಕು ಎಂಬಂತೆ. ‘ಅವ್ರೇ ಮೊದಲು ಕೈ ಚಾಚಿದ್ದು ಮೇಡಂ. ನಡುಗ್ತಿತ್ತು. ಎಷ್ಟ್ ಹೊತ್ತು ಅಂತ ನೋಡ್ಕೊಂಡ್ ನಿಂತಿರ್ಲಿ.’ ಕಾವಲುಗಾರ ಬೆನ್ನಿಗೆ ಗುದ್ದಿದ. ಅವನು ಮುಂದೆ ಹೋದ. ಬೆಂಚಿನ ಮೇಲಿದ್ದ ಮಿಲಿಂಗ್ ಅಜ್ಜಿ ಲಿಯೊನಿಲಾ ಹತ್ತಿರ ಬರುತ್ತಿದ್ದಂತೆ ಎರಡೂ ಕೈಗಳನ್ನು ಬೀಸಣಿಗೆಯ ಕೆಳಗೆ ಬಚ್ಚಿಟ್ಟುಕೊಂಡಳು. ‘ನನ್ನ ಕೈಗೂ ಮಸಿ ಬಳಿದ್ಯಲ್ಲೇ’ ಎಂದಳು, ಜೋರಾಗಿ ಅಲ್ಲ. ಅದು ಹೊಡೆದದ್ದಕ್ಕಿಂತ ಹೆಚ್ಚು ನೋಯಿತು.

ಕಚೇರಿಯಿಂದ ಆರು ಸಲ ಫೋನು ಬಂತು. ಅವಳು ತೆಗೆಯಲಿಲ್ಲ. ಮನೆಗೆ ಬಂದಾಗ ಎರಡು ಗಂಟೆಯ ಬಿಸಿಲು, ತಗಡಿನ ಮಾಡು ಚಟಗುಟ್ಟುತ್ತಿತ್ತು. ಪಕ್ಕದ ಮನೆಯ ಹೆಂಗಸು ಅಪ್ಪನಿಗೆ ಅನ್ನ, ಮೀನು ತಿನ್ನಿಸಿ ಹೋಗಿದ್ದಳು. ಗಲ್ಲದ ಮೇಲೆ ಒಂದು ಅಗುಳು ಉಳಿದಿತ್ತು. ಬಾಗಿಲ ಸದ್ದಿಗೆ ಅಪ್ಪ ಕಣ್ಣು ತೆರೆದ. ಹೊರಗಿಂದ ಬಂದ ಮಗಳು ಬಗ್ಗಬೇಕು. ಎಡಗೈಯಿಂದ ಬಲಗೈ ಎತ್ತಿ ಚಾಚಿದ.

ಅವಳು ಬಾಗಿಲಲ್ಲೇ ನಿಂತಳು. ಚೂರಿ ನೆನಪಾಗಲಿಲ್ಲ, ದಿಂಬು ನೆನಪಾಗಲಿಲ್ಲ. ಆ ಕೈ ಕಾಣಿಸುತ್ತಿತ್ತು, ಅಷ್ಟೆ: ಒಣಗಿದ ಚರ್ಮ, ಎದ್ದ ನರ, ಉಗುರು ಕತ್ತರಿಸಬೇಕಾಗಿತ್ತು. ಬೆಳಿಗ್ಗೆ ಅದರ ಮೇಲೆ ತಾನು ಬಿಟ್ಟುಹೋದದ್ದು ಇನ್ನೂ ಅಲ್ಲಿರಬಹುದು. ಸ್ಪ್ಯಾನರು ಹಿಡಿದ ಕೈಯ ಮೇಲೆ ಎಲ್ಲಿ ಒರೆಸಿದರೂ ಸಿಗುವುದು ತಾನೇ, ಒಂಬತ್ತನೆಯ ವಯಸ್ಸಿನಿಂದ ಇವತ್ತಿನವರೆಗಿನ ತಾನೇ. ಅವಳು ಬಗ್ಗಲಿಲ್ಲ.

‘ಏನಾಯ್ತೇ ನಿಲಾ?’ ಎಂದ ಅಪ್ಪ. ಕೈ ಇನ್ನೂ ಗಾಳಿಯಲ್ಲಿತ್ತು. ಎತ್ತಿ ಹಿಡಿದಿದ್ದ ಎಡಗೈ ಮೊದಲು ಸ್ವಲ್ಪ, ಆಮೇಲೆ ತುಂಬ ನಡುಗತೊಡಗಿತು. ಅವನ ಕಣ್ಣಿನಲ್ಲಿ ಮೊದಲು ಸಿಟ್ಟು ಬಂತು, ಆ ಹಳೆಯ ಸಿಟ್ಟು, ಅವಳಿಗೆ ಇಂಚಿಂಚೂ ಗೊತ್ತಿದ್ದದ್ದು. ಅದು ಹೋದ ಮೇಲೆ ಹೆದರಿಕೆ ಬಂತು. ಅದನ್ನು ಅವಳು ಅಲ್ಲಿ ಎಂದೂ ನೋಡಿರಲಿಲ್ಲ. ಇವತ್ತಿನ ದಿನಕ್ಕೆ ಮತ್ತೆ ಅವನನ್ನು ಕೊಲ್ಲುವ ಅಗತ್ಯವಿಲ್ಲ ಎಂದು ಅವಳಿಗೆ ತಿಳಿಯಿತು. ನಾಳೆಗೂ ಇರಲಾರದು.

‘ಕೈ ನೋಯ್ತಿದೆ ಕಣೆ’ ಎಂದ ಅಪ್ಪ.

‘ಇಳ್ಸಪ್ಪಾ’ ಎಂದಳು. ‘ಸಾಕು, ಇಳ್ಸು.’